ಭೀಮೆಯ ಉಸಿರು ಅಳೆಯಬೇಕಾದದ್ದು ನಸುಕಿನಲ್ಲಿ

“ಹಗಲೆಲ್ಲ ಛಲೋನೇ ಇರ್ತದರಿ ಸರ ನೀರು. ಹೊತ್ತು ಹುಟ್ಟೋಕಿಂತ ಮೊದ್ಲ ಬಂದು ನೋಡ್ರಿ. ಮೀನೆಲ್ಲ ಮ್ಯಾಲ ಬಂದು ಬಾಯಿ ತಕ್ಕೊಂಡು ನಿಂತಿರ್ತಾವ.”

ಭೀಮಾ ನದಿಯ ಒಂದು ಬ್ಯಾರೇಜಿನ ಹಿನ್ನೀರಲ್ಲಿ ಬಲೆ ಬೀಸುತ್ತ ವಯಸ್ಸು ಕಳೆದ ಕಾಕಾ ಹೇಳಿದ ಮಾತಿದು. ನಾನು ರಸಾಯನಶಾಸ್ತ್ರ ಪಾಠ ಮಾಡುವವನು. ಆ ದಿನ ಮಧ್ಯಾಹ್ನ ಮೂರರ ಸುಮಾರಿಗೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅದೇ ದಡದಲ್ಲಿ ನೀರು ಪರೀಕ್ಷಿಸಿದ್ದೆ. ಆಮ್ಲಜನಕ ಬೇಕಾದಷ್ಟಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಸಿದ್ದೂ ಆಗಿತ್ತು. ಕಾಕಾನ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮರುದಿನ ನಸುಕಿನ ಐದಕ್ಕೆ ಒಬ್ಬ ಹುಡುಗನನ್ನು ಕರೆದುಕೊಂಡು ಮತ್ತೆ ಹೋದೆ.

ಪರೀಕ್ಷೆ ಬಹಳ ಹಳೆಯದು, ಹಂಗೇರಿಯ ವಿಂಕ್ಲರ್ 1888ರಲ್ಲಿ ಕಂಡುಹಿಡಿದದ್ದು. ಗಾಜಿನ ಬಾಟಲಿಯನ್ನು ನೀರೊಳಗೆ ಮುಳುಗಿಸಿ, ಒಂದು ಗುಳ್ಳೆಯೂ ಸಿಕ್ಕಿಕೊಳ್ಳದಂತೆ ತುಂಬಬೇಕು. ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆಸಿದ ಅಯೋಡೈಡ್ ಹಾಕಿ ಬಿರಡೆ ಮುಚ್ಚಿ ತಿರುವಬೇಕು. ನೀರಲ್ಲಿ ಕರಗಿದ ಆಮ್ಲಜನಕ ಇದ್ದರೆ ಕಂದು ಬಣ್ಣದ ಮಡ್ಡಿ ಕೂಡುತ್ತದೆ, ಇಲ್ಲದಿದ್ದರೆ ಮಡ್ಡಿ ಬಿಳಿಯಾಗಿಯೇ ಉಳಿಯುತ್ತದೆ. ಹಿಂದಿನ ಮಧ್ಯಾಹ್ನದ ಬಾಟಲಿಯಲ್ಲಿ ಕೂತಿದ್ದು ಹಳೆ ಬೆಲ್ಲದ ಬಣ್ಣ. ನಸುಕಿನ ಬಾಟಲಿಯಲ್ಲಿ ಮಜ್ಜಿಗೆಯ ಬಣ್ಣ. ಟಾರ್ಚ್ ಹಿಡಿದು ಮತ್ತೆ ಮತ್ತೆ ನೋಡಿದೆವು. ಕಾಲ ಬುಡದಲ್ಲೇ ರೋಹು ಮೀನುಗಳು ನೀರಿನ ಮೇಲ್ಪದರಕ್ಕೆ ತುಟಿ ಹಚ್ಚಿ ಲೊಚ ಲೊಚ ಎನ್ನುತ್ತಿದ್ದವು.

ಆ ರಾತ್ರಿ ಯಾರೂ ನದಿಗೆ ವಿಷ ಸುರಿದಿರಲಿಲ್ಲ. ಇಡೀ ರಾತ್ರಿ ನದಿ ಉಸಿರಾಡಿತ್ತು, ಅಷ್ಟೇ. ಭೀಮೆಯ ಬಗ್ಗೆ ನಾವು ನಡೆಸುವ ಚರ್ಚೆಯಲ್ಲೆಲ್ಲ ಬಿಟ್ಟುಹೋಗುವ ಸಂಗತಿ ಇದು.

ಬೇಸಿಗೆ ಬಂತೆಂದರೆ ನಮ್ಮ ಕಡೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಡಿಸಿ ಎಂಬ ಹೋರಾಟ. ಮಳೆಗಾಲ ಬಂತೆಂದರೆ ಉಜನಿಯಿಂದ ಎಷ್ಟು ಬಿಟ್ಟರು ಎಂಬ ಭಯ. 2020ರ ಅಕ್ಟೋಬರ್ ಮತ್ತು 2025ರ ಸೆಪ್ಟೆಂಬರ್‌ನ ಪ್ರವಾಹದಲ್ಲಿ ಭೀಮಾ ತೀರದ ಊರುಗಳು ಪಟ್ಟ ಪಾಡು ಇನ್ನೂ ಯಾರೂ ಮರೆತಿಲ್ಲ. ಹೀಗಾಗಿ ನಮಗೆ ಗೊತ್ತಿರುವ ಅಳತೆ ಎರಡೇ: ಟಿಎಂಸಿ ಮತ್ತು ಕ್ಯುಸೆಕ್. ನೀರು ಎಷ್ಟಿದೆ, ಎಷ್ಟು ಹರಿಯುತ್ತಿದೆ ಎಂಬುದು ಇವುಗಳಿಂದ ತಿಳಿಯುತ್ತದೆ. ಆ ನೀರಿಗೆ ಜೀವ ಇದೆಯೇ ಎಂಬುದು ತಿಳಿಯುವುದಿಲ್ಲ.

ಹೊಳೆಯ ಜಮಾ–ಖರ್ಚು

ನದಿಯ ಶಕ್ತಿ ಎಂದೊಡನೆ ನಮಗೆ ನೆನಪಾಗುವುದು ಆಲಮಟ್ಟಿಯ 290 ಮೆಗಾವ್ಯಾಟ್ ವಿದ್ಯುತ್ ಘಟಕ. ಮೇಲಿನಿಂದ ಬೀಳುವ ನೀರು ಚಕ್ರ ತಿರುಗಿಸುತ್ತದೆ, ಕರೆಂಟು ಬರುತ್ತದೆ. ಆದರೆ ನದಿ ತನ್ನೊಳಗೇ ಇನ್ನೊಂದು ಬಗೆಯ ಶಕ್ತಿಯನ್ನು ದಿನಾ ಗಳಿಸುತ್ತದೆ, ದಿನಾ ಖರ್ಚು ಮಾಡುತ್ತದೆ. ಗಳಿಕೆ ಬಿಸಿಲಿನದು. ನೀರೊಳಗಿನ ಪಾಚಿ, ಕಲ್ಲಿಗಂಟಿದ ಹಾವಸೆ, ಜಲಸಸ್ಯಗಳು ಬಿಸಿಲು ಹಿಡಿದು ಆಹಾರ ಮಾಡುತ್ತವೆ. ಮಾಡುವಾಗ ಆಮ್ಲಜನಕ ಬಿಡುತ್ತವೆ. ಖರ್ಚು ಉಸಿರಿನದು. ಮೀನು, ಶಂಖದ ಹುಳು, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಸ್ವತಃ ಆ ಪಾಚಿಯೂ ಸೇರಿ ಎಲ್ಲ ಜೀವಗಳೂ ಆ ಆಹಾರ ಕರಗಿಸಲು ಆಮ್ಲಜನಕ ಬಳಸುತ್ತವೆ. ಗಳಿಕೆ ಹಗಲು ಮಾತ್ರ. ಖರ್ಚು ಹಗಲೂ ರಾತ್ರಿಯೂ.

ಇದಲ್ಲದೆ ನದಿಗೆ ಹೊರಗಿನಿಂದ ಬರುವ ಕಾಳೂ ಉಂಟು: ಕಾಡಿನ ಎಲೆ, ಹೊಲದ ಮಣ್ಣು, ದನದ ಸೆಗಣಿ, ಊರಿನ ಚರಂಡಿ. ಬ್ಯಾಕ್ಟೀರಿಯಾ ಅದನ್ನೂ ತಿನ್ನುತ್ತವೆ. ಆದರೆ ಅದರ ಜೊತೆಗೆ ಆಮ್ಲಜನಕ ಬರುವುದಿಲ್ಲ. ಸಾಲ ತಂದ ಕಾಳಿನಂತೆ, ಉಣ್ಣಲು ಸಿಗುತ್ತದೆ, ತೀರಿಸುವುದು ನದಿಯೇ.

ಈ ಲೆಕ್ಕವನ್ನು ಹರಿಯುವ ನೀರಲ್ಲಿ ಮೊದಲು ವಿವರವಾಗಿ ಹಿಡಿದವರು ಅಮೆರಿಕದ ಪರಿಸರ ವಿಜ್ಞಾನಿ ಹೊವರ್ಡ್ ಓಡಮ್. 1956ರಲ್ಲಿ ಅವರು ತೋರಿಸಿದ ದಾರಿ ಸರಳ: ಒಂದೇ ಜಾಗದಲ್ಲಿ ಹಗಲೂ ರಾತ್ರಿ ಆಮ್ಲಜನಕ ಅಳೆಯುತ್ತ ಹೋಗಿ. ರಾತ್ರಿ ಎಷ್ಟು ವೇಗದಲ್ಲಿ ಇಳಿಯುತ್ತದೋ ಅದರಿಂದ ಖರ್ಚು ಗೊತ್ತಾಗುತ್ತದೆ, ಹಗಲು ಏರಿದ್ದರಿಂದ ಗಳಿಕೆ. ಗಾಳಿಯಿಂದ ನೀರಿಗೆ ಸೇರಿದ್ದು, ನೀರಿನಿಂದ ಗಾಳಿಗೆ ಹೋದದ್ದನ್ನು ಕೂಡಿ ಕಳೆದರೆ ನದಿಯ ಒಂದು ದಿನದ ಪೂರ್ತಿ ಲೆಕ್ಕ ಕೈಗೆ ಸಿಗುತ್ತದೆ.

ಈ ಶಕ್ತಿ ಎಷ್ಟು ದೊಡ್ಡದು ಎಂಬುದನ್ನು ತರಗತಿಯಲ್ಲಿ ನಾನು ಒಂದು ಲೆಕ್ಕದಿಂದ ಹೇಳುತ್ತೇನೆ. ಒಂದು ಘನ ಮೀಟರ್ ನೀರು ಒಂದು ಮೀಟರ್ ಕೆಳಗೆ ಬಿದ್ದರೆ ಸಿಗುವ ಶಕ್ತಿ ಸುಮಾರು 9.8 ಕಿಲೋಜೂಲ್. ಜೀವಿಗಳು ಒಂದು ಗ್ರಾಂ ಆಮ್ಲಜನಕ ಬಳಸಿ ಉಸಿರಾಡಿದರೆ ಹೊರಬೀಳುವ ಶಕ್ತಿ ಸುಮಾರು 14 ಕಿಲೋಜೂಲ್. ಸಂಜೆ ಪ್ರತಿ ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಇತ್ತು ಎನ್ನಿ. ರಾತ್ರಿ ತಾಸಿಗೆ ಅರ್ಧ ಮಿಲಿಗ್ರಾಂನಂತೆ ಖರ್ಚಾದರೆ 12 ತಾಸಿಗೆ 6 ಮಿಲಿಗ್ರಾಂ ಹೋಯಿತು. ಅಂದರೆ ಪ್ರತಿ ಘನ ಮೀಟರಿಗೆ 6 ಗ್ರಾಂ, ಶಕ್ತಿಯ ಲೆಕ್ಕದಲ್ಲಿ 84 ಕಿಲೋಜೂಲ್. ಅಷ್ಟೇ ನೀರು ಎಂಟೂವರೆ ಮೀಟರ್ ಎತ್ತರದಿಂದ ಬಿದ್ದರೆ ಸಿಗುವಷ್ಟು! ನಿಂತ ಹಾಗೆ ಕಾಣುವ ಹಿನ್ನೀರಿನೊಳಗೆ ಒಂದೇ ರಾತ್ರಿಯಲ್ಲಿ ಇಷ್ಟು ಕೆಲಸ ನಡೆಯುತ್ತದೆ. ಬೆಳಗಿಗೆ ಉಳಿದದ್ದು 2 ಮಿಲಿಗ್ರಾಂ. ರೋಹು, ಕಟ್ಲಾ ಮೀನಿಗೆ 5 ಇದ್ದರೆ ನೆಮ್ಮದಿ. 2–3ಕ್ಕೆ ಇಳಿದರೆ ಕಾಕಾ ಹೇಳಿದ ಹಾಗೆ ಮೇಲೆ ಬಂದು ಬಾಯಿ ತೆರೆಯುತ್ತವೆ.

ಮೂರು ಜಿಲ್ಲೆಯ ನೀರು ಒಂದೇ ಬಗೆಯದಲ್ಲ

ಈ ಜಮಾ–ಖರ್ಚು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ನೆಲ ಬದಲಾದ ಹಾಗೆ ನದಿಯ ಬದುಕೂ ಬದಲಾಗುತ್ತದೆ. ಅದನ್ನು ನೋಡಲು ಬೀದರ್, ಕಲಬುರಗಿ, ಯಾದಗಿರಿ ಬಿಟ್ಟು ಹೊರಗೆ ಹೋಗಬೇಕಿಲ್ಲ.

ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲದಡಿ, ನೌಬಾದಿನ ಕರೇಜ್ ಎಂಬ ಸುರಂಗದಲ್ಲಿ ಬಹಮನಿ ಕಾಲದಿಂದಲೂ ನೀರು ಹರಿದಿದೆ. ಒಳಗೆ ಬಿಸಿಲಿಲ್ಲ, ಹಾಗಾಗಿ ಗಳಿಕೆಯೇ ಇಲ್ಲ. ಗಾಳಿಬಾವಿಗಳಿಂದ ಬಿದ್ದ ಕಸ, ಮಳೆನೀರಿನ ಜೊತೆ ಇಳಿದ ಅಲ್ಪಸ್ವಲ್ಪ ಆಹಾರ ಬಿಟ್ಟರೆ ಅಲ್ಲಿನ ಜೀವಿಗಳಿಗೆ ಬೇರೇನೂ ಸಿಗದು. ಖರ್ಚೂ ಅಷ್ಟಕ್ಕಷ್ಟೇ. ನೀರು ತಿಳಿಯಾಗಿ, ತಣ್ಣಗಿರಲು ಇದೂ ಒಂದು ಕಾರಣ. ಅಂಥ ನೀರಿಗೆ ಮೇಲಿನ ಮನೆಗಳ ಶೌಚದ ಗುಂಡಿಯಿಂದ ಸ್ವಲ್ಪ ಸೋರಿದರೂ ತಡೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಕತ್ತಲಲ್ಲಿ ಸಾಲ ತೀರಿಸಲು ಬಿಸಿಲು ಎಲ್ಲಿಂದ ಬರಬೇಕು?

ಚಿಂಚೋಳಿಯ ಕಾಡಿಗೆ ಬಂದರೆ ಮಾತೇ ಬೇರೆ. 2011ರಲ್ಲಿ ವನ್ಯಜೀವಿಧಾಮವಾದ ಈ ಕಾಡು ಎಲೆ ಉದುರಿಸುವ ಒಣಕಾಡು. ಮಳೆಗಾಲದಲ್ಲಿ ಹಳ್ಳದ ಮೇಲೆ ನೆರಳು ದಟ್ಟ, ಬಿಸಿಲು ತಳ ಮುಟ್ಟುವುದಿಲ್ಲ. ಹಳ್ಳ ಬದುಕುವುದು ಎಲೆಯ ಮೇಲೆ. ಚಳಿ ಮುಗಿದು ಎಲೆ ಉದುರುವ ಹೊತ್ತಿಗೆ ಹಳ್ಳವೇ ಬತ್ತಿರುತ್ತದೆ. ತಿಂಗಳುಗಟ್ಟಲೆ ಒಣ ಹಾಸಿನ ಮೇಲೆ ಎಲೆ ಕೂಡುತ್ತ ಹೋಗುತ್ತದೆ. ಮುಂಗಾರಿನ ಮೊದಲ ನೀರು ಬಂದಾಗ ಚಹಾ ಸೊಪ್ಪಿನಂತೆ ಅದರ ಸತ್ವವೆಲ್ಲ ಬಿಟ್ಟುಕೊಂಡು ನೀರು ಕಪ್ಪಗಾಗುತ್ತದೆ, ಬ್ಯಾಕ್ಟೀರಿಯಾಗಳಿಗೆ ಹಬ್ಬ. ಒಣ ಹಳ್ಳಗಳ ಎಲೆ ಕಸವನ್ನು 22 ದೇಶಗಳ 212 ಕಡೆ ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ನೀರು ಮರಳಿ ಬಂದ ಕೂಡಲೇ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಹೊರಬರುವುದನ್ನು ಅದು ಎತ್ತಿ ತೋರಿಸಿತು. ವರ್ಷದಲ್ಲಿ ಒಂದು ದಿನವಾದರೂ ಹರಿವು ನಿಲ್ಲುವ ಹೊಳೆ–ಹಳ್ಳಗಳು ಜಗತ್ತಿನ ನದಿ ಉದ್ದದ ಅರ್ಧಕ್ಕಿಂತ ಹೆಚ್ಚು ಎಂದು 2021ರ ಇನ್ನೊಂದು ಲೆಕ್ಕ ಹೇಳುತ್ತದೆ. ನಮ್ಮ ಹಳ್ಳಗಳನ್ನು ‘ಬರೇ ಹಳ್ಳ’ ಎಂದು ಕಡೆಗಣಿಸುವವರು ಇದನ್ನು ಗಮನಿಸಬೇಕು.

ಕಾಗಿಣಾ ಹರಿಯುವುದು ಸುಣ್ಣದ ಕಲ್ಲಿನ ಮೇಲೆ. ಶಹಾಬಾದಿನ ಫರಸಿ, ವಾಡಿ–ಸೇಡಂ ಕಡೆಯ ಸಿಮೆಂಟು, ಎಲ್ಲಕ್ಕೂ ಮೂಲ ಅದೇ ಕಲ್ಲು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ ಪಕ್ಕದಲ್ಲಿ ಬೇಸಿಗೆಯ ನದಿಗಿಳಿದು ಒಂದು ಕಲ್ಲೆತ್ತಿ ನೋಡಿ. ಮೇಲೆ ಹಾವಸೆ, ಅದರಡಿ ಉಗುರಿಗೆ ಕೆರೆದರೆ ಬರುವ ಬಿಳಿ ಹರಳು. ಹಗಲು ಪಾಚಿ ನೀರೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಾಗ ನೀರಿನ ಕ್ಷಾರ ಗುಣ ಏರುತ್ತದೆ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೂಡುತ್ತದೆ. ರಾತ್ರಿ ಉಸಿರಾಟದಿಂದ ಅದೇ ಅನಿಲ ನೀರಿಗೆ ಮರಳುತ್ತದೆ, ಕ್ಷಾರ ಇಳಿಯುತ್ತದೆ. ಸುಣ್ಣದ ಕಲ್ಲು ಕರಗಿ ಬರುವ ಬೈಕಾರ್ಬೊನೇಟನ್ನೂ ಹಲವು ಪಾಚಿಗಳು ಬಳಸಿಕೊಳ್ಳಬಲ್ಲವು. ಹೀಗಾಗಿ ಈ ನೀರಲ್ಲಿ ಪಾಚಿಗೆ ಇಂಗಾಲದ ಬರ ಬರುವುದು ಕಡಿಮೆ. ಬಿಸಿಲೊಂದು ಸಿಕ್ಕರೆ ಸಾಕು.

ಯಾದಗಿರಿ ಜಿಲ್ಲೆಯ ಅಂಚಿನ ಕೃಷ್ಣೆ ಗ್ರಾನೈಟ್ ಬಂಡೆಗಳ ನದಿ. 1982ರ ನಾರಾಯಣಪುರ ಜಲಾಶಯ, ಅದಕ್ಕಿಂತ ಮೇಲೆ ಆಲಮಟ್ಟಿ. ಇವೆರಡೂ ಹೂಳನ್ನು ಹಿಡಿದಿಟ್ಟುಕೊಂಡು ಕೆಳಗೆ ತಿಳಿನೀರು ಬಿಡುತ್ತವೆ. ತಿಳಿನೀರು, ಅಲ್ಲಾಡದ ಬಂಡೆ, ನೆತ್ತಿ ಸುಡುವ ಬಿಸಿಲು ಮೂರೂ ಕೂಡಿದರೆ ಹಾವಸೆಗೆ ಅದಕ್ಕಿಂತ ಬೇರೇನು ಬೇಕು? ಕಾಲಿಟ್ಟರೆ ಜಾರುವ ಆ ಕಂದು ಪೊರೆ ನದಿಯ ಹೊಲ. ಶಂಖದ ಹುಳು, ನೀರುಹುಳು, ಸಣ್ಣ ಮೀನು ಮೇಯುವುದು ಅಲ್ಲೇ. ಒಣ ಎಲೆಗಿಂತ ಈ ಪೊರೆ ಪೌಷ್ಟಿಕ.

ಭೀಮೆಯ ಬದುಕು ಇವೆಲ್ಲಕ್ಕಿಂತ ಕಷ್ಟದ್ದು. ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿದು ಕೃಷ್ಣೆ ಸೇರುವ ಈ ನದಿ ನಮ್ಮ ಜಿಲ್ಲೆಗಳಲ್ಲಿ ಕಪ್ಪು ಎರೆಮಣ್ಣಿನ ನಡುವೆ ಸಾಗುತ್ತದೆ. ಮಳೆಗಾಲದಲ್ಲಿ ನೀರು ಹಾಲು ಬೆರೆಸಿದ ಚಹಾದಂತೆ; ಅಂಗೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಬಿಸಿಲು ಒಳಗೆ ಇಳಿಯದ ಕಾರಣ ಆ ನಾಲ್ಕು ತಿಂಗಳು ಗಳಿಕೆ ಬಹುತೇಕ ಶೂನ್ಯ, ನದಿ ಬದುಕುವುದು ನೆಲ ಕೊಟ್ಟ ಉಣಿಸಿನ ಮೇಲೆ. ಆದರೆ ಆಗ ನೀರು ರಭಸದಿಂದ ಹರಿಯುತ್ತ ಗಾಳಿಯನ್ನೂ ಕಲಸಿಕೊಳ್ಳುತ್ತದೆ, ಹಾಗಾಗಿ ಉಸಿರಿಗೆ ತೊಂದರೆಯಾಗದು. ಸೀಗೆ ಹುಣ್ಣಿಮೆಯಿಂದ ಎಳ್ಳ ಅಮಾವಾಸ್ಯೆಯ ಆಚೆಗೂ, ಕೆಸರು ಕೂತು ನೀರು ತಿಳಿಯಾದ ಮೇಲೆ ಭೀಮೆಯ ನಿಜವಾದ ಸುಗ್ಗಿ. ಅಮೆರಿಕದ 222 ನದಿಗಳ ದಿನದಿನದ ಲೆಕ್ಕ ನೋಡಿ 2022ರಲ್ಲಿ ವಿಜ್ಞಾನಿಗಳು ಹೇಳಿದ್ದೂ ಇದನ್ನೇ. ನೆಲದ ಕಾಡು–ಹೊಲಗಳ ಬೆಳವಣಿಗೆಗೆ ಉಷ್ಣತೆ, ಮಳೆ ಮುಖ್ಯ. ನದಿಯ ಜೀವಕ್ಕೆ ಮುಖ್ಯವಾದದ್ದು ತಳಕ್ಕೆ ಬೀಳುವ ಬೆಳಕು ಮತ್ತು ಹರಿವಿನ ಲಯ.

ಬ್ಯಾರೇಜು ಬದಲಿಸಿದ್ದೇನು

ಬೆಳಕನ್ನು ನಾವು ಮುಟ್ಟಲಾರೆವು. ಹರಿವನ್ನು ಮುಟ್ಟಿದ್ದೇವೆ. ಸೊನ್ನ, ಘತ್ತರಗಿ, ಸನ್ನತಿ, ಗುರುಸಣಗಿ, ಹೀಗೆ ಬ್ಯಾರೇಜಿನ ಮೇಲೆ ಬ್ಯಾರೇಜು ಬಂದು ಬೇಸಿಗೆಯ ಭೀಮೆ ಹರಿಯುವ ನದಿಯಾಗಿ ಉಳಿದಿಲ್ಲ, ಸಾಲು ಕೆರೆಗಳಾಗಿದೆ. ಬ್ಯಾರೇಜು ಬೇಡವೆಂದು ನಾನು ಹೇಳುತ್ತಿಲ್ಲ. ಕಲಬುರಗಿ ನಗರ ಕುಡಿಯುವುದು ಬೆಣ್ಣೆತೊರೆಯ ಜೊತೆಗೆ ಸರಡಗಿಯಲ್ಲಿ ಎತ್ತಿದ ಭೀಮೆಯ ನೀರನ್ನೇ. ಅಫಜಲಪುರದ ಕಬ್ಬು, ದಂಡೆಯ ಹಳ್ಳಿಗಳ ಪಂಪ್‌ಸೆಟ್ಟು ನಿಂತಿರುವುದೂ ಹಿನ್ನೀರಿನ ಮೇಲೆ. ಆದರೆ ನಿಂತ ನೀರು ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುವುದು ಬಹಳ ನಿಧಾನ. ಕಲ್ಲಿನ ಮೇಲೆ ತೆಳುವಾಗಿ ಹಾರುತ್ತ ಹರಿಯುವಾಗ ನಿಮಿಷಗಳಲ್ಲಿ ಆಗುವ ಕೆಲಸ ಆಳದ ಹಿನ್ನೀರಲ್ಲಿ ದಿನಗಳಾದರೂ ಆಗದು.

ಇಂಥ ನೀರಿಗೆ ಮೇಲಿನಿಂದ ಬರುವುದೇನು? ಪುಣೆ, ಪಿಂಪ್ರಿ–ಚಿಂಚವಾಡದ ಕೊಳಚೆ ಮುಳಾ–ಮುಠಾ ಹಿಡಿದು ಭೀಮೆಗೆ, ಅಲ್ಲಿಂದ ಉಜನಿಗೆ. ನಮ್ಮ ಊರುಗಳ ಚರಂಡಿಯೂ ಹೊರತಲ್ಲ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಮಲಿನ ನದಿಪಾತ್ರಗಳ ಪಟ್ಟಿ ಹೊರಡಿಸಿತು. ಕರ್ನಾಟಕದ 17ರಲ್ಲಿ ಭೀಮಾ, ಕಾಗಿಣಾ, ಕೃಷ್ಣಾ ಮೂರೂ ಇದ್ದವು. ಆ ಪಟ್ಟಿಯ ಅಳತೆಗೋಲು ಬಿಓಡಿ, ಅಂದರೆ ನೀರೊಳಗಿನ ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ. ಬಾಟಲಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಕತ್ತಲಲ್ಲಿಟ್ಟು ಅಳೆಯುತ್ತಾರೆ. ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಆ ನೀರು ಸ್ನಾನಕ್ಕೂ ಸಲ್ಲದು. ಗಾಣಗಾಪುರದ ಸಂಗಮದಲ್ಲಿ, ಘತ್ತರಗಿಯ ಭಾಗ್ಯವಂತಿ ಗುಡಿಯೆದುರು ದಿನವೂ ಜನ ಮುಳುಗೇಳುವುದನ್ನು ನೋಡುವಾಗ ಈ ಅಂಕಿ ನನ್ನನ್ನು ಚುಚ್ಚುತ್ತದೆ.

ಬಿಸಿಲಿನ ಹೊಡೆತ ಇದರ ಮೇಲೆ. 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು. 35 ಡಿಗ್ರಿಗೆ ಬಂದರೆ 7ಕ್ಕಿಂತ ಕಡಿಮೆ. ಕಲಬುರಗಿಯ ಎತ್ತರದಲ್ಲಿ ಇನ್ನೂ ತುಸು ಕಡಿಮೆ. ಅದೇ ಹೊತ್ತಿಗೆ, ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟದ ವೇಗ ಸುಮಾರು ಇಮ್ಮಡಿ. ಗಡಿಗೆ ಚಿಕ್ಕದಾಗುತ್ತದೆ, ಬಾಯಾರಿಕೆ ದೊಡ್ಡದಾಗುತ್ತದೆ. ಅಮೆರಿಕ ಮತ್ತು ಮಧ್ಯ ಯುರೋಪಿನ 796 ನದಿಗಳ ದಾಖಲೆ ನೋಡಿದ 2023ರ ಅಧ್ಯಯನದಲ್ಲಿ 87 ಶೇಕಡಾ ನದಿಗಳು ಬಿಸಿಯಾಗಿವೆ, 70 ಶೇಕಡಾ ನದಿಗಳು ಆಮ್ಲಜನಕ ಕಳೆದುಕೊಂಡಿವೆ. ಅವು ನಮಗಿಂತ ತಂಪು ನಾಡಿನ ನದಿಗಳು.

ಹಿನ್ನೀರು ಹಸಿರಾಗಿದ್ದರೆ ಆಮ್ಲಜನಕ ಹೆಚ್ಚಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹಸಿರು ಯಾವುದು ಎಂಬುದರ ಮೇಲೆ ಹೋಗುತ್ತದೆ. ಪಾಚಿಯಾದರೆ ಮಧ್ಯಾಹ್ನ ಬೇಕಾದದ್ದಕ್ಕಿಂತ ಹೆಚ್ಚು, ನಸುಕಿಗೆ ಬರಿದು. ಎರಡು ದಿನ ಮೋಡ ಮುಸುಕಿದರೆ ಗಳಿಕೆ ನಿಂತೇ ಹೋಗಿ ಖರ್ಚು ಮಾತ್ರ ಉಳಿಯುತ್ತದೆ. ಮುಂಗಾರಿನ ಆರಂಭದ ಮಂಕು ದಿನಗಳಲ್ಲಿ ಮೀನು ಸಾಯುವುದರ ಹಿಂದೆ ಈ ಕಾರಣವೂ ಇರುತ್ತದೆ. ಕತ್ತೆಕಿವಿ ಗಿಡದಂಥ ತೇಲುವ ಜಲಕಳೆಯಾದರೆ ಇನ್ನೂ ಕೆಟ್ಟದ್ದು. ಅದರ ಎಲೆ ನೀರಿನ ಮೇಲಿರುತ್ತದೆ, ಆಮ್ಲಜನಕ ಗಾಳಿಗೆ ಹೋಗುತ್ತದೆ. ಕೆಳಗೆ ಬೀಳುವುದು ನೆರಳು, ಆಮೇಲೆ ಕೊಳೆತ ಬೇರು.

ಉಸುಕಿನ ಮಾತು ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ನದಿಯ ತಳದ ಉಸುಕಿನ ಕಣಕಣದ ಸುತ್ತ ಬ್ಯಾಕ್ಟೀರಿಯಾದ ತೆಳು ಪೊರೆ ಇರುತ್ತದೆ. ನೀರು ಉಸುಕಿನೊಳಗೆ ಹೊಕ್ಕು ಹೊರಬರುವಾಗ ಅದು ಕೊಳೆಯನ್ನು ಕರಗಿಸುತ್ತದೆ. ಬೇಸಿಗೆಯಲ್ಲಿ ಹೊಳೆಯಲ್ಲಿ ಒರತೆ ತೋಡಿ ಕುಡಿದವರಿಗೆ ಆ ನೀರಿನ ರುಚಿ ಗೊತ್ತು. ಮಾರುದ್ದ ಆಳದ ಉಸುಕನ್ನು ಟಿಪ್ಪರ್‌ಗಳಲ್ಲಿ ಹೊರಸಾಗಿಸಿದ ಮೇಲೆ ಉಳಿದದ್ದು ಕೆಸರಿನ ತಳ. ಅಲ್ಲಿ ನೀರು ಒಳಹೋಗದು. ಕೊಳೆ ಅಲ್ಲೇ ಕೂತು, ಆಮ್ಲಜನಕವಿಲ್ಲದೆ ಕೊಳೆತು, ಮೀಥೇನ್ ಮತ್ತು ಕೆಟ್ಟ ಮೊಟ್ಟೆಯ ವಾಸನೆಯ ಅನಿಲ ಬಿಡುತ್ತದೆ. ಉಸುಕಿನ ದಂಧೆಯಲ್ಲಿ ರಾಜಧನ ಎಷ್ಟು ತಪ್ಪಿತು ಎಂದು ಲೆಕ್ಕ ಹಾಕುತ್ತಾರೆ. ನದಿ ತನ್ನನ್ನು ತಾನು ತೊಳೆದುಕೊಳ್ಳುವ ಕೈ ಕಡಿದದ್ದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು ಅಳತೆ. ನೀರಿನ ಮಾದರಿ ಸಾಮಾನ್ಯವಾಗಿ ಹಗಲು, ಕೆಲಸದ ವೇಳೆಯಲ್ಲಿ ತೆಗೆಯುತ್ತಾರೆ. ಆ ಹೊತ್ತಿನಲ್ಲಿ ಪಾಚಿ ತುಂಬಿದ ರೋಗಿಷ್ಟ ನೀರೂ ಪರೀಕ್ಷೆ ಪಾಸಾಗುತ್ತದೆ. ನಾನೇ ಮೋಸ ಹೋಗಿದ್ದೆನಲ್ಲ. ಈಗ ಬೆಳಕಿನ ನೆರವಿನಿಂದ ಹತ್ತು ನಿಮಿಷಕ್ಕೊಮ್ಮೆ ಆಮ್ಲಜನಕವನ್ನು ತಾನೇ ಅಳೆದು ದಾಖಲಿಸುವ ಸಂವೇದಕಗಳಿವೆ. ಪ್ರತಿ ಬ್ಯಾರೇಜಿನ ಹಿನ್ನೀರಲ್ಲಿ ಒಂದು, ಕೆಳಗೆ ಒಂದು ಇರಬೇಕು. ಅಂಕಿ ಟಿಎಂಸಿ ಅಂಕಿಯ ಪಕ್ಕದಲ್ಲೇ ದಿನಾ ಪ್ರಕಟವಾಗಬೇಕು. ಎರಡನೆಯದು ಗೇಟು. ಬೇಸಿಗೆಯಲ್ಲಿ ಎಲ್ಲ ಗೇಟು ಬಿಗಿಯಾಗಿ ಮುಚ್ಚಿ, ಮೊದಲ ಮಳೆಗೆ ಒಮ್ಮೆಲೇ ಎತ್ತಿದರೆ ಮೊದಲು ಹೊರಡುವುದು ತಳದ ಕೊಳೆತ ನೀರು, ಅದು ಕೆಳಗಿನ ಮೀನನ್ನೂ ಕೊಲ್ಲುತ್ತದೆ. ಅದರ ಬದಲು ರಾತ್ರಿ ಹೊತ್ತು ಒಂದು ಗೇಟಿನಿಂದ ಸಣ್ಣ ಹರಿವು ಬಿಡಬಹುದು. ಬಿಟ್ಟ ನೀರು ಕೆಳಗಿನ ಬ್ಯಾರೇಜಿಗೇ ಸೇರುವುದರಿಂದ ನದಿಯ ರೈತರ ಪಾಲು ನದಿಯಲ್ಲೇ ಉಳಿಯುತ್ತದೆ, ಹಂಚಿಕೆಯನ್ನು ಮೇಲಿನ–ಕೆಳಗಿನ ಊರಿನವರು ಕೂತು ಒಪ್ಪಿಕೊಳ್ಳಬೇಕಾಗುತ್ತದೆ. ಕೊಳಚೆ ಶುದ್ಧೀಕರಣದ ಮಾತು ಹೇಳಿ ಹೇಳಿ ಹಳತಾಗಿದೆ. ಆದರೂ ಅದಿಲ್ಲದೆ ಇವೆರಡೂ ಅರೆಬರೆಯೇ.

ಆ ನಸುಕಿನಲ್ಲಿ ನಾವು ತುಂಬಿದ್ದು ಎರಡು ಬಾಟಲಿ. ಒಂದು ಹಿನ್ನೀರಿನದು, ಮಜ್ಜಿಗೆಯ ಬಣ್ಣದ್ದು. ಇನ್ನೊಂದನ್ನು ಹುಡುಗ ಬ್ಯಾರೇಜಿನ ಕೆಳಗಿಳಿದು ತುಂಬಿ ತಂದ. ಅಲ್ಲೊಂದು ಗೇಟಿನ ರಬ್ಬರ್ ಸವೆದು ನೀರು ಸೋರುತ್ತಿತ್ತು. ಸೋರಿದ ನೀರು ಅಂಗೈಯಷ್ಟು ದಪ್ಪ, ಇಪ್ಪತ್ತು ಮೂವತ್ತು ಹೆಜ್ಜೆ ಬಂಡೆಯ ಮೇಲೆ ಚಿಮ್ಮುತ್ತ ಹರಿದು ಒಂದು ಮಡುವಿಗೆ ಬೀಳುತ್ತಿತ್ತು. ಹೊತ್ತು ಇನ್ನೂ ಹುಟ್ಟಿರಲಿಲ್ಲ. ಮಡುವಿನ ನೀರಿಗೆ ಎರಡೂ ದ್ರಾವಣ ಹಾಕಿ ಬಾಟಲಿ ತಿರುವಿದ. ಮಡ್ಡಿ ನಿಧಾನ ಇಳಿಯುತ್ತ ಬೆಲ್ಲದ ಬಣ್ಣಕ್ಕೆ ತಿರುಗಿತು. ಕಾಕಾ ಅವನ ಕೈಯಿಂದ ಎರಡೂ ಬಾಟಲಿ ಇಸಕೊಂಡು, ಮೂಡಲ ಕಡೆ ಹಿಡಿದು, ಬಹಳ ಹೊತ್ತು ನೋಡುತ್ತ ನಿಂತರು.